ಲೂರ್ದಮ್ಮನ ಮೊದಲ ಶನಿವಾರ

ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಮೂರು ಗಂಟೆಯ ಮೇಲೆ ಲೂರ್ದಮ್ಮನ ಮನೆಗೆ ಯಾರೂ ಹೋಗಬಾರದು. ಹೋದರೆ ಕಾಫಿಯೂ ಸಿಗುವುದಿಲ್ಲ, ಮಾತೂ ಸಿಗುವುದಿಲ್ಲ. ಆ ಹೊತ್ತಿನಲ್ಲಿ ಅವಳು ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು, ಒಂದೊಂದೇ ಬೆರಳು ಮಡಚುತ್ತ, ತಿಂಗಳಿಡೀ ಮಾಡಿದ ಪಾಪಗಳನ್ನು ನೆನಪು ಮಾಡಿಕೊಳ್ಳುತ್ತಿರುತ್ತಾಳೆ. ನಾಲ್ಕೂವರೆಗೆ ಇಸ್ತ್ರಿ ಮಾಡಿದ ಬಿಳಿ ಸೀರೆಯುಟ್ಟು, ತಲೆಯ ಮೇಲೆ ಸೆರಗು ಹೊದ್ದು, ಪಾಪನಿವೇದನೆಗೆಂದು ಚರ್ಚಿಗೆ ಹೊರಡುತ್ತಾಳೆ. ಮಳೆ ಬರಲಿ, ಹರತಾಳ ಇರಲಿ, ಮೊಣಕಾಲು ನೋಯಲಿ, ಇದು ತಪ್ಪಿದ್ದಿಲ್ಲ.

"ಏನೇ, ಈ ತಿಂಗಳ ಫಸಲು ಹೆಂಗಿದೆ?" ಎಂದು ಗಂಡ ಚೌರಪ್ಪ ಪೇಪರಿನ ಹಿಂದಿನಿಂದ ಕೇಳುತ್ತಾನೆ.

"ಅರ್ಧ ನಿಮ್ ದೆಸೆಯಿಂದ್ಲೇ ಬೆಳ್ದಿದ್ದು. ಸುಮ್ನೆ ಕೂತ್ಕೊಳಿ."

ಚೌರಪ್ಪ ಕೇರಳದ ತಿರುವನಂತಪುರದ ಹತ್ತಿರ ತುಂಬ ಎಂಬ ಊರಿನ ಬಾಹ್ಯಾಕಾಶ ಕೇಂದ್ರದಲ್ಲಿ ಟೆಕ್ನೀಶಿಯನ್ ಆಗಿದ್ದು ನಿವೃತ್ತನಾದವನು. ಇಬ್ಬರೂ ಕೊಳ್ಳೇಗಾಲದ ಕಡೆಯವರು, ತಲೆಮಾರುಗಳಿಂದ ಮನೆಯಲ್ಲಿ ಕನ್ನಡವನ್ನೇ ಆಡಿಕೊಂಡು ಬಂದ ಕ್ಯಾಥೊಲಿಕರು. ನಿವೃತ್ತಿಯ ಮೇಲೆ ಊರಿಗೆ ಹೋಗೋಣ ಎಂದು ಅವನು ಹೇಳಿದ್ದೇನೋ ನಿಜ. ಅಷ್ಟರಲ್ಲಿ ಲೂರ್ದಮ್ಮನಿಗೆ ಮತ್ತಿ ಮೀನಿನ ರುಚಿ ಹತ್ತಿತ್ತು, ಚರ್ಚಿನ ಮೂರನೇ ಬೆಂಚಿನಲ್ಲಿ ಖಾಯಂ ಜಾಗ ಸಿಕ್ಕಿತ್ತು. ಹೋಗಲಿಲ್ಲ.

ಇನ್ನು ಆ ಪಾಪಗಳಾದರೂ ಎಂಥವು ಅಂತೀರಿ? ಜಪಸರ ಹಿಡಿದುಕೊಂಡು ಒಂದು ಕಣ್ಣನ್ನು ಟಿವಿ ಧಾರಾವಾಹಿಯ ಮೇಲೆ ಇಟ್ಟದ್ದು. ಚೌರಪ್ಪನಿಗೆ ಸಕ್ಕರೆ ಕಾಯಿಲೆ ಎಂದು ಹಲ್ವವನ್ನು ಬಚ್ಚಿಟ್ಟು, ಬಚ್ಚಿಟ್ಟ ಜಾಗದಲ್ಲೇ ನಿಂತು ತಾನು ತಿಂದದ್ದು. ಮೀನು ಮಾರುವವಳಿಗೆ ಹಿಡಿಶಾಪ ಹಾಕಿದ್ದು, ಮಾರನೇ ದಿನ ಅವಳಿಂದಲೇ ಮೀನು ಕೊಂಡದ್ದು. ಇಷ್ಟಕ್ಕೆ ನರಕದ ಬಾಗಿಲು ತೆರೆಯುವುದಾದರೆ ಊರಲ್ಲಿ ಉಳಿಯುವವರು ಯಾರು?

ಆದರೆ ಪಾಪ ಒಪ್ಪಿಸುವುದರಲ್ಲಿ ಅವಳದೊಂದು ಉಪಾಯವಿತ್ತು. ಇಪ್ಪತ್ತು ವರ್ಷದ ಹಿಂದೆ ತುಂಬಕ್ಕೆ ಬಂದ ಹೊಸದರಲ್ಲಿ ಅವಳಿಗೆ ಮಲಯಾಳ ಬರುತ್ತಿರಲಿಲ್ಲ. ಆಗ ಸಿಲ್ವೆಸ್ಟರ್ ಅಚ್ಚನ್ ಎಂಬ ವಯಸ್ಸಾದ ಗುರುಗಳು, "ಮೋಳೇ, ನಿನ್ನ ಭಾಷೆಯಲ್ಲೇ ಹೇಳು, ದೇವರಿಗೆ ಅರ್ಥವಾಗುತ್ತದೆ" ಎಂದು ಮಗಳನ್ನು ಕರೆಯುವಂತೆ ಕರೆದು ಕರುಣೆಯಿಂದ ಅಪ್ಪಣೆ ಕೊಟ್ಟರು. ಅಂದಿನಿಂದ ಲೂರ್ದಮ್ಮ ಕನ್ನಡದಲ್ಲೇ ಹೇಳಿದಳು. ಅಚ್ಚನಿಗೆ ಕನ್ನಡದ ಒಂದಕ್ಷರ ಬಾರದು, ಸಾಲದ್ದಕ್ಕೆ ಒಂದು ಕಿವಿ ಮಂದ. ಎಲ್ಲ ಕೇಳಿ ತಲೆಯಾಡಿಸಿ, "ಮೂರು ನನ್ಮ ನಿರಞ್ಞ ಮರಿಯಮೇ" ಎನ್ನುವರು. ಅಂದರೆ ಪ್ರಾಯಶ್ಚಿತ್ತವಾಗಿ ಮೂರು ಸಲ ನಮೋ ಮರಿಯ ಜಪ. ಹಲ್ವ ತಿಂದರೂ ಮೂರೇ, ಅತ್ತೆಯ ಜೊತೆ ಆರು ತಿಂಗಳು ಮಾತು ಬಿಟ್ಟರೂ ಮೂರೇ.

ಇವತ್ತು ಲೂರ್ದಮ್ಮನ ಮಲಯಾಳ ಹೇಗಿದೆಯೆಂದರೆ, ಅವಳು ಬುಟ್ಟಿಗೆ ಕೈಹಾಕಿದರೆ ಮೀನು ಮಾರುವವರೇ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಜಗಳಕ್ಕೆ ಮಲಯಾಳ, ವ್ಯಾಪಾರಕ್ಕೆ ಮಲಯಾಳ. ಪಾಪಕ್ಕೆ ಮಾತ್ರ ಕನ್ನಡ! ಭಾಷಾಭಿಮಾನ ಎಂದು ಯಾರಾದರೂ ತಿಳಿದರೆ ತಿಳಿಯಲಿ ಬಿಡಿ. ನಿಜವಾದ ಕಾರಣ ಬೇರೆ ಇತ್ತು. ಪಟ್ಟಿಯ ಕೊನೆಯಲ್ಲಿ, ಉಸಿರು ಬಿಗಿಹಿಡಿದು, ಒಂದೇ ಸಲಕ್ಕೆ ಅವಳು ಹೇಳಿ ಮುಗಿಸುತ್ತಿದ್ದ ಪಾಪವೊಂದಿತ್ತು: "ಆಮೇಲೆ ಆ ಹಳೇ ಸುಳ್ಳೂ ಇದೆ." ಆರು ವರ್ಷದಿಂದ, ತಿಂಗಳು ತಪ್ಪದೆ, ಇಷ್ಟೇ ಮಾತು. ಯಾವ ಸುಳ್ಳು, ಯಾರ ಮೇಲೆ, ಏನಾಯಿತು, ಒಂದೂ ಇಲ್ಲ.

ಅದನ್ನು ನಾನು ಹೇಳುತ್ತೇನೆ.

ಲೂರ್ದಮ್ಮನ ಮನೆ ಪಿಳ್ಳೆ ಸಾರ್ ಎಂಬುವರ ಕಾಂಪೌಂಡಿನೊಳಗಿನ ನಾಲ್ಕು ಬಾಡಿಗೆ ಮನೆಗಳಲ್ಲಿ ಒಂದು. ಪಕ್ಕದ ಮನೆಯಲ್ಲಿ ನಂಜನಗೂಡಿನ ರಾಜಲಕ್ಷ್ಮಿ ಇದ್ದಳು. ಅವಳ ಗಂಡ ಶ್ರೀಕಂಠ ವಿಜ್ಞಾನಿ. ಗೇಟಿನ ಆಚೆ, ಚರ್ಚಿನ ದಾರಿಯಲ್ಲಿ ಫಾತಿಮಾಳ ಮನೆ. ಫಾತಿಮಾಳಿಗೆ ಒಂದು ಆಡು, ಹೆಸರು ಅಮ್ಮಿಣಿ. ಸಂಜೆಯಾದರೆ ಮೂವರೂ ಲೂರ್ದಮ್ಮನ ಮೆಟ್ಟಿಲ ಮೇಲೆ ಕೂರುವರು. ಅಮ್ಮಿಣಿ ರಾಜಲಕ್ಷ್ಮಿಯ ಮನೆಯ ತರಕಾರಿ ಸಿಪ್ಪೆಯನ್ನು ತಿನ್ನುತ್ತ ಕಾಲಡಿಯಲ್ಲಿ ನಿಲ್ಲುವುದು. ಒಬ್ಬಳದು ಮೈಸೂರು ಕನ್ನಡ, ಒಬ್ಬಳದು ಕೊಳ್ಳೇಗಾಲದ್ದು, ಇನ್ನೊಬ್ಬಳದು ಮಲಯಾಳ. ನಗುವುದಕ್ಕೆ ಅದ್ಯಾವುದೂ ಅಡ್ಡ ಬಂದಿರಲಿಲ್ಲ.

ರಾಜಲಕ್ಷ್ಮಿಯ ಜಗುಲಿಯಲ್ಲಿ ಒಂದು ಕುಂಡ ಮರುಗ ಇತ್ತು. ತೀರಿಹೋದ ಅಮ್ಮನ ಹಿತ್ತಲಿನಿಂದ ತಂದದ್ದು. ಕೇರಳದಲ್ಲಿ ಮಲ್ಲಿಗೆ ಬೇಕಾದಷ್ಟು ಸಿಗುತ್ತದೆ, ಮರುಗ ಎಲ್ಲಿ ಸಿಗಬೇಕು? ದಿನಾ ಒಂದು ಕುಡಿ ಚಿವುಟಿ ಮುಡಿದು, "ಅಮ್ಮ ಬಂದ ಹಾಗಾಗತ್ತೆ ಕಣ್ರೀ" ಎನ್ನುವಳು. ಬೇಸಿಗೆ ರಜೆಗೆ ಊರಿಗೆ ಹೊರಟಾಗ ಅದನ್ನು ಲೂರ್ದಮ್ಮನ ಕೈಗೆ ಒಪ್ಪಿಸಿದಳು. "ದಿನಾ ಒಂದು ಚೊಂಬು ನೀರು, ಅಷ್ಟೇ."

"ನಿಶ್ಚಿಂತೆಯಿಂದ ಹೋಗ್ಬನ್ನಿ. ನಾನಿಲ್ವಾ?"

ಇದ್ದಳು, ಮೂರು ದಿನ. ನಾಲ್ಕನೆಯ ದಿನ ಕೊಚ್ಚಿಯ ಎಡಪ್ಪಳ್ಳಿಯಲ್ಲಿ ಸಂತ ಜಾರ್ಜರ ಹಬ್ಬಕ್ಕೆ ಚರ್ಚಿನಿಂದ ಬಸ್ಸು ಹೊರಟಿತು. ಲೂರ್ದಮ್ಮ ಹತ್ತಿ ಕೂತಳು, ಪುಣ್ಯ ಸಂಪಾದಿಸಲು! ವಾರ ಕಳೆದು ಬಂದಾಗ ಮರುಗ ಕಡ್ಡಿಯಾಗಿತ್ತು. ಮೇ ತಿಂಗಳ ಸೆಕೆ, ಮಳೆಹನಿಯೂ ತಾಗದ ತಾರಸಿಯ ಕೆಳಗಿನ ಕುಂಡ. ಮಣ್ಣು ಬಿರುಕು ಬಿಟ್ಟಿತ್ತು. ಅವಳು ಗಾಬರಿಯಿಂದ ಗಿಡವನ್ನು ಬೇರುಸಮೇತ ಕಿತ್ತು ಕಸದ ಗುಂಡಿಗೆ ಎಸೆದಳು. ಏನು ಹೇಳುವುದೆಂದು ಯೋಚಿಸುವಷ್ಟರಲ್ಲಿ ರಾಜಲಕ್ಷ್ಮಿಯ ಆಟೋ ಬಂದೇಬಿಟ್ಟಿತು.

"ಏನ್ರೀ ಇದು? ನನ್ನ ಮರುಗ ಎಲ್ರೀ?"

ಅದೇ ಗಳಿಗೆಗೆ ಗೇಟಿನ ಹತ್ತಿರ ಅಮ್ಮಿಣಿ "ಮ್ಯಾ" ಎಂದಿತು. ಲೂರ್ದಮ್ಮನ ಬೆರಳು ತಾನಾಗಿಯೇ ಎದ್ದು ಅತ್ತ ತೋರಿಸಿತು. ಬಾಯಿ ಬಿಟ್ಟು ಒಂದು ಮಾತು ಹೇಳಲಿಲ್ಲ ನೋಡಿ, ಬೆರಳೇ ಸಾಕಾಯಿತು.

ಆಮೇಲೆ ನಡೆದದ್ದು ಒಂದು ಗಂಟೆಯ ಕೆಲಸ. ರಾಜಲಕ್ಷ್ಮಿ ಅತ್ತಳು, ಫಾತಿಮಾಳ ಮೇಲೆ ಕೂಗಾಡಿದಳು. ಫಾತಿಮಾ ಸೃಷ್ಟಿಸಿದವನ ಮೇಲೆ ಆಣೆಯಿಟ್ಟು ಇದು ತನ್ನ ಆಡಿನ ಕೆಲಸವಲ್ಲ ಎಂದಳು. ದೂರು ಪಿಳ್ಳೆ ಸಾರ್ ತನಕ ಹೋಗಿ, ಆಡು ಕಾಂಪೌಂಡಿನ ಹತ್ತಿರ ಸುಳಿಯಕೂಡದೆಂದು ಆಜ್ಞೆಯಾಯಿತು. ಆಡಿಲ್ಲದ ಮೇಲೆ ನಾನೂ ಬರುವುದಿಲ್ಲ ಎಂದು ಫಾತಿಮಾ ತಿರುಗಿ ನಡೆದಳು. ಅಮ್ಮಿಣಿಗೆ ಹಗ್ಗ ಬಿತ್ತು. ವರ್ಷ ಕಳೆದ ಮೇಲೆ ರಾಜಲಕ್ಷ್ಮಿಯ ಸಂಸಾರವೂ ಕೊಚ್ಚಿಗೆ ಮಗಳು ಅಪರ್ಣಾಳ ಫ್ಲ್ಯಾಟಿಗೆ ಹೊರಟುಹೋಯಿತು. ಮೆಟ್ಟಿಲ ಮೇಲೆ ಲೂರ್ದಮ್ಮ ಒಬ್ಬಳೇ ಉಳಿದಳು. ಫಾತಿಮಾಳ ಮನೆಯ ಮುಂದೆ ಹಾಯ್ದರೆ ಚರ್ಚಿಗೆ ಹತ್ತು ನಿಮಿಷ. ಅವಳು ಮೀನುಗಾರರ ಕೇರಿಯನ್ನು ಸುತ್ತಿ ಇಪ್ಪತ್ತೈದು ನಿಮಿಷ ನಡೆಯತೊಡಗಿದಳು. ಚೌರಪ್ಪ ಕೇಳಿದರೆ, "ಡಾಕ್ಟ್ರು ವಾಕಿಂಗ್ ಮಾಡು ಅಂದವ್ರೆ" ಎಂದಳು. ಅದೂ ಸುಳ್ಳೇ.

ಹೀಗೆ ಸಾಗುತ್ತಿದ್ದ ಬಂಡಿಗೆ ಹೋದ ಜೂನ್‌ನಲ್ಲಿ ಕಲ್ಲು ಬಿತ್ತು. ಸಿಲ್ವೆಸ್ಟರ್ ಅಚ್ಚನನ್ನು ವೃದ್ಧ ಗುರುಗಳ ವಿಶ್ರಾಂತಿಗೃಹಕ್ಕೆ ಕರೆದೊಯ್ದರು. ಅವರ ಜಾಗಕ್ಕೆ ಬೆನ್ಸಿಗರ್ ಅಚ್ಚನ್ ಬಂದರು: ಕುರುಚಲು ಗಡ್ಡ, ಬುಲೆಟ್ ಗಾಡಿ, ಇಲ್ಲೇ ವಿಳಿಂಞದ ಮೀನುಗಾರರ ಮನೆಯ ಹುಡುಗ. ಲೂರ್ದಮ್ಮ ವಿಚಾರಿಸಿ ನೋಡಿದಳು. ಪಕ್ಕಾ ಮಲಯಾಳಿ. ಸರಿ, ಹೆದರುವುದೇನಿಲ್ಲ.

ಮೊದಲ ಶನಿವಾರ ಅವಳು ಪಾಪನಿವೇದನೆಯ ಮರದ ಗೂಡಿನ ಪಕ್ಕ ಮೊಣಕಾಲೂರಿ, ಜಾಲರಿಗೆ ಬಾಯಿ ಹತ್ತಿರ ತಂದು, ಎಂದಿನ ಸರಾಗದಲ್ಲಿ ಶುರುಮಾಡಿದಳು. ಧಾರಾವಾಹಿ ಆಯಿತು. ಹಲ್ವ ಆಯಿತು. ಮೀನಿನವಳು ಆಯಿತು. "ಆಮೇಲೆ ಆ ಹಳೇ ಸುಳ್ಳೂ ಇದೆ" ಎಂದು ಉಸಿರು ಬಿಟ್ಟಳು.

ಜಾಲರಿಯ ಆಚೆಯಿಂದ ಮೆಲ್ಲನೆಯ ದನಿ ಬಂತು. "ಅದು ಯಾವ ಸುಳ್ಳಮ್ಮಾ?"

ಲೂರ್ದಮ್ಮ ಜಾಲರಿಯಿಂದ ಮುಖವನ್ನು ಹಿಂದಕ್ಕೆ ಎಳೆದುಕೊಂಡಳು. ಅಚ್ಚ ಕನ್ನಡ!

"ಅಯ್ಯೋ ಸ್ವಾಮಿ! ನಿಮಗೆ ಕನ್ನಡ..."

"ಓದಿದ್ದು ಬೆಂಗಳೂರಲ್ಲಿ ಅಮ್ಮಾ. ಆಮೇಲೆ ಮೂರು ವರ್ಷ ಹಾಸನದ ಕಡೆ ಇದ್ದೆ. ಅಲ್ಲಿ ಮುದ್ದೆ ನುಂಗೋದೂ ಕಲಿತೆ. ಗಾಬರಿ ಆಗ್ಬೇಡಿ, ನಿಧಾನವಾಗಿ ಹೇಳಿ."

ಎದ್ದು ಓಡಿಬಿಡಲೇ ಎನಿಸಿತು. ಮೊಣಕಾಲು ಬಿಡಬೇಕಲ್ಲ! ಹಿಂದೆ ಸಾಲಿನಲ್ಲಿ ಏಳು ಜನ ಬೇರೆ. ಹಲ್ವದ ವಿಷಯವನ್ನೆಲ್ಲ ಈ ಹುಡುಗ ಅರ್ಥಮಾಡಿಕೊಂಡು ಕೇಳಿದನಲ್ಲ ಎಂದು ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಒಂದು... ಒಂದು ಆಡಿನ ಮೇಲೆ ಸುಳ್ಳು ಹೇಳ್ದೆ ಸ್ವಾಮಿ."

ಆಚೆ ಕೆಮ್ಮು ಕೇಳಿಸಿತು. ನಗುವನ್ನು ನುಂಗುವಾಗ ಬರುವ ಕೆಮ್ಮು ಎಂಬುದು ಯಾರಿಗೂ ತಿಳಿಯುವಂತಿತ್ತು. ಆದರೆ ಲೂರ್ದಮ್ಮ ಕುಂಡದಿಂದ ಹಗ್ಗದ ತನಕ ಹೇಳುತ್ತ ಹೋದಂತೆ ಆ ಕೆಮ್ಮು ನಿಂತಿತು. ಆರು ವರ್ಷದಲ್ಲಿ ಮೊದಲ ಸಲ ಅವಳು ಫಾತಿಮಾಳ ಹೆಸರನ್ನು ಬಾಯಿಬಿಟ್ಟು ಹೇಳಿದ್ದಳು. ಹೇಳಿದ್ದೇ ತಡ, ಅಳು ಒತ್ತರಿಸಿಕೊಂಡು ಬಂತು.

"ಪ್ರತಿ ತಿಂಗಳೂ ಬಂದು ಹೇಳ್ತಾನೇ ಇದೀನಿ ಸ್ವಾಮಿ. ಮತ್ಯಾಕೆ ಇದು ಮಾತ್ರ ಹೋಗ್ತಾನೇ ಇಲ್ಲ?"

"ನೀವು ಪ್ರತಿ ತಿಂಗಳೂ ಬಂದದ್ದೇ ದೊಡ್ಡದು ಅಮ್ಮಾ. ದಿನಾ ಗುಡಿಸೋ ಮನೇಲಿ ಮೂಲೆಯ ಕಸ ಕಣ್ಣು ಚುಚ್ಚುತ್ತೆ. ಗುಡಿಸದೇ ಇರೋ ಮನೇಲಿ ಅದು ಕಾಣೋದೇ ಇಲ್ಲ. ಇಲ್ಲಿಗೆ ಬರೋದು ಬಿಟ್ಟಿದ್ರೆ ನೀವು ಆ ಆಡನ್ನ ಯಾವಾಗಲೋ ಮರೆತುಬಿಡ್ತಿದ್ರಿ." ಅಚ್ಚನ್ ಮುಂದುವರಿಸಿದರು. "ದೇವರು ಕ್ಷಮಿಸೋಕೆ ಹಿಂದೆಮುಂದೆ ನೋಡಲ್ಲ. ಆದ್ರೆ ಒಬ್ಬರ ಹೆಸರು ಕೆಡಿಸಿದ್ರೆ ಅದನ್ನ ಸರಿಮಾಡೋ ಕೆಲಸ ನಮ್ಮದೇ ಅಲ್ವಾ? ಮೂರು ನಮೋ ಮರಿಯ ಹೇಳಿ. ಆಮೇಲೆ ಆ ಇಬ್ಬರ ಮನೆ ಬಾಗಿಲಿಗೂ ಹೋಗಿ ಬನ್ನಿ."

"ಅದು ಕೊಚ್ಚೀಲಿದೆ ಸ್ವಾಮಿ, ಒಂದು ಬಾಗ್ಲು."

"ಟ್ರೈನ್ ಇದೆ ಅಮ್ಮಾ."

ಪಾಪವಿಮೋಚನೆಯ ಮಾತುಗಳನ್ನು ಅವರು ಕನ್ನಡದಲ್ಲೇ ಹೇಳಿದರು. ಲೂರ್ದಮ್ಮ ಹೊರಗೆ ಬಂದಾಗ ಮನಸ್ಸು ಹಗುರಾಗಿತ್ತೇನೋ ಹೌದು, ಮೈಯೆಲ್ಲ ಉರಿಯುತ್ತಲೂ ಇತ್ತು. ಇಪ್ಪತ್ತು ವರ್ಷ ಮೂರು ಜಪದಲ್ಲಿ ಮುಗಿದದ್ದಕ್ಕೆ ಈಗ ಊರೂರು ಅಲೆಯಬೇಕೆ? ಆ ಸಿಟ್ಟಿನಲ್ಲೇ ವಾರ ಕಳೆಯಿತು. ಮುಂದಿನ ಶನಿವಾರ ಬಸ್ಸು ಹತ್ತಿ ನಗರದ ದೊಡ್ಡ ಚರ್ಚಿಗೆ ಹೋದಳು. ಅಲ್ಲಿ ಕನ್ನಡ ಬಾರದ ಗುರುಗಳು ಯಾರಾದರೂ ಇದ್ದಾರು, ಅವರ ಹತ್ತಿರ ಮೂರು ಜಪಕ್ಕೇ ಇದನ್ನು ಇತ್ಯರ್ಥ ಮಾಡಿಕೊಳ್ಳೋಣ ಎಂಬ ಲೆಕ್ಕಾಚಾರ. ಸಾಲಿನಲ್ಲಿ ನಿಂತಳು. ಮುಂದೆ ಇಬ್ಬರೇ ಉಳಿದಾಗ, ಏನು ಹೇಳಬೇಕೆಂದು ಮನಸ್ಸಿನಲ್ಲಿ ಉರುಹೊಡೆದಳು: "ಆ ಹಳೇ ಸುಳ್ಳೂ ಇದೆ." ಥೂ, ತನಗೇ ಹೇಸಿಗೆಯಾಯಿತು. ಒಮ್ಮೆ ಪೂರ್ತಿ ಬಾಯಿಬಿಟ್ಟು ಹೇಳಿದ್ದನ್ನು ಮತ್ತೆ ಮಡಚಿ ಸೆರಗಿನೊಳಗೆ ಇಡುವುದು ಹೇಗೆ? ಸಾಲು ಬಿಟ್ಟು ಸೀದಾ ತಂಪಾನೂರಿನ ರೈಲು ನಿಲ್ದಾಣಕ್ಕೆ ನಡೆದು, ಸೋಮವಾರದ ಬೆಳಗಿನ ಟ್ರೈನಿಗೆ ಟಿಕೆಟ್ ಕೊಂಡಳು.

ಎಡಪ್ಪಳ್ಳಿಯ ಫ್ಲ್ಯಾಟಿನ ಬಾಗಿಲು ತೆರೆದವಳು ರಾಜಲಕ್ಷ್ಮಿಯ ಮೊಮ್ಮಗಳು ಕೃತಿ. "ಅಮ್ಮಮ್ಮೇ, ಆರೋ ವನ್ನು" ಎಂದು ಮಲಯಾಳದಲ್ಲಿ, ಯಾರೋ ಬಂದರೆಂದು ಅಜ್ಜಿಗೆ ಕೂಗಿ ಹೇಳಿ ಒಳಗೆ ಓಡಿದಳು. ರಾಜಲಕ್ಷ್ಮಿ ಬಂದು ನೋಡಿ, ಎರಡು ಕೈಯಿಂದಲೂ ಬಾಚಿ ಹಿಡಿದಳು.

"ಲೂರ್ದಮ್ಮಾ! ಏನ್ರೀ, ಒಂದು ಫೋನಾದ್ರೂ ಮಾಡಬಾರ್ದಾ? ಬನ್ನಿ ಬನ್ನಿ. ಈ ಮನೇಲಿ ಕನ್ನಡ ಮಾತಾಡೋಕೆ ಗೋಡೆ ಬಿಟ್ರೆ ಯಾರೂ ಇಲ್ಲ ಕಣ್ರೀ. ಇವರು ಪೇಪರ್ ಹಿಡಿದ್ರೆ ಮುಗೀತು. ಮಗು ಎಲ್ಲಕ್ಕೂ ಮಲಯಾಳದಲ್ಲೇ ಉತ್ತರ ಕೊಡತ್ತೆ."

ಫಿಲ್ಟರ್ ಕಾಫಿ ಬಂತು. ಲೂರ್ದಮ್ಮ ಲೋಟವನ್ನು ಮುಟ್ಟಲಿಲ್ಲ. ಕುಡಿದ ಮೇಲೆ ಹೇಳಿದರೆ ಅನ್ಯಾಯವಾದೀತು ಎಂದುಕೊಂಡು ಮೊದಲೇ ಹೇಳಿಬಿಟ್ಟಳು. "ರಾಜಲಕ್ಷ್ಮಮ್ನೋರೇ, ನಿಮ್ ಮರುಗನ ಆಡು ತಿನ್ಲಿಲ್ಲ. ನಾನು ನೀರ್ ಹಾಕ್ಲಿಲ್ಲ. ಹಬ್ಬಕ್ಕೋಗಿದ್ದೆ. ಒಣಗೋಯ್ತು."

ರಾಜಲಕ್ಷ್ಮಿ ತನ್ನ ಲೋಟವನ್ನು ಕೆಳಗಿಟ್ಟಳು. "ಗೊತ್ತು ಕಣ್ರೀ" ಎಂದಳು.

"ಆಂ?"

"ಅವತ್ತೇ ಸಾಯಂಕಾಲ ಕಸ ಹಾಕೋಕೆ ಹೋದಾಗ ಗುಂಡೀಲಿ ನೋಡ್ದೆ. ಬೇರುಸಮೇತ ಬಿದ್ದಿತ್ತು. ಆಡು ತಿಂದು, ಬೇರು ಕಿತ್ತು, ಕಸದ ಗುಂಡಿಗೆ ಹಾಕಿ ಹೋಗತ್ತೇನ್ರೀ?"

"ಮತ್ತೆ ಯಾಕೆ ಸುಮ್ನಿದ್ರಿ?"

"ಅಷ್ಟೊತ್ತಿಗೆ ಫಾತಿಮಾನ ಬೈದಾಗಿತ್ತು. ಪಿಳ್ಳೆ ಸಾರ್‌ಗೂ ಹೇಳಾಗಿತ್ತು. ನಿಜ ಹೇಳಿದ್ರೆ ನಿಮ್ಮ ಜೊತೆ ಮಾತು ಬಿಡಬೇಕಾಗತ್ತೆ. ನೀವೂ ಹೋದ್ರೆ ಆ ಕಾಂಪೌಂಡಲ್ಲಿ ನನ್ನ ಹತ್ತಿರ ಕನ್ನಡ ಮಾತಾಡೋರು ಯಾರಿದ್ರು? ನಿಮ್ಮನ್ನ ಉಳಿಸ್ಕೊಂಡೆ, ಅವಳನ್ನ ಬಿಟ್ಟೆ." ರಾಜಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮಗಾದ್ರೆ ತಿಂಗಳಿಗೊಂದ್ಸಲ ಹೋಗಿ ಹೇಳ್ಕೊಳ್ಳೋಕೆ ಒಂದು ಜಾಗ ಇದೆ. ನಾನು ಎಲ್ಲಿಗೆ ಹೋಗಿ ಹೇಳಲಿ? ಆರು ವರ್ಷದಿಂದ ಹೊಟ್ಟೇಲೇ ಇಟ್ಕೊಂಡಿದೀನಿ. ದೇವರ ದೀಪ ಹಚ್ಚೋವಾಗೆಲ್ಲ ಆ ಆಡಿನ ಮುಖ ಬರತ್ತೆ ಅಂದ್ರೆ ನಂಬ್ತೀರಾ?"

ಲೂರ್ದಮ್ಮ ನಂಬಿದಳು. ಅವಳಿಗೆ ಜಪಸರದ ನಡುವೆ ಬರುತ್ತಿದ್ದುದೂ ಅದೇ ಮುಖ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಮೊದಲು ಅತ್ತರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೃತಿ ಬಂದು, ಈ ಮುದುಕಿಯರಿಗೆ ಏನಾಯಿತು ಎಂದು ನೋಡಿಕೊಂಡು ಹೋದಳು. ಕಾಫಿ ಆರಿಹೋಗಿತ್ತು, ಅದನ್ನೇ ಕುಡಿದರು.

ಮಾರನೆಯ ದಿನ ಇಬ್ಬರೂ ತಿರುವನಂತಪುರದ ಟ್ರೈನು ಹತ್ತಿದರು. ರಾಜಲಕ್ಷ್ಮಿಯ ಮಡಿಲಲ್ಲಿ ಒಂದು ಪುಟ್ಟ ಕುಂಡ, ಅದರಲ್ಲಿ ಮರುಗ. ಊರಿನಿಂದ ಮತ್ತೆ ತರಿಸಿ ಬಾಲ್ಕನಿಯಲ್ಲಿ ಬೆಳೆಸಿದ್ದಳು. ಬರಿಗೈಯಲ್ಲಿ ಹೋಗಲು ಮನಸ್ಸಾಗಲಿಲ್ಲವಂತೆ.

ಫಾತಿಮಾ ಅಂಗಳದಲ್ಲಿ ಒಣಮೀನು ತಿರುವಿಹಾಕುತ್ತಿದ್ದಳು. ಹಿಂದೆ ತೆಂಗಿನ ಮರಕ್ಕೆ ಕಟ್ಟಿದ್ದ ಅಮ್ಮಿಣಿಗೆ ಗಡ್ಡ ನರೆತಿತ್ತು. ಇಬ್ಬರನ್ನೂ ನೋಡಿ ಫಾತಿಮಾ ಕೂರಿ ಎನ್ನಲಿಲ್ಲ. ಲೂರ್ದಮ್ಮ ನಿಂತೇ, ಮಲಯಾಳದಲ್ಲಿ, ಒಂದೂ ಬಿಡದೆ ಹೇಳಿದಳು. ಕನ್ನಡದ ಮರೆ ಇಲ್ಲದೆ ಪಾಪ ಹೇಳಿದ್ದು ಅವಳ ಜೀವನದಲ್ಲಿ ಅದೇ ಮೊದಲು. ರಾಜಲಕ್ಷ್ಮಿ ತನ್ನ ಪಾಲನ್ನು ಅರ್ಧಂಬರ್ಧ ಮಲಯಾಳದಲ್ಲಿ ಸೇರಿಸಿದಳು.

ಫಾತಿಮಾ ಕೈಯ ಉಪ್ಪನ್ನು ಕೊಡವಿಕೊಂಡಳು. ಆದರೂ ಮೊದಲಿನಂತೆ ಅಕ್ಕ ಎಂದೇ ಕರೆದಳು. "ಚೇಚಿ, ನೀವು ಕೇರಿ ಸುತ್ತಿ ಚರ್ಚಿಗೆ ಹೋಗುವುದನ್ನು ನಾನು ಈ ಆರು ವರ್ಷವೂ ನೋಡಿದ್ದೇನೆ. ನನ್ನ ಆಡು ಮಾಡಿದ ತಪ್ಪಿಗೆ ನಿಮಗೆ ನನ್ನ ಮುಖ ನೋಡುವುದೂ ಬೇಡವಾಯಿತು ಅಂದುಕೊಂಡೆ." ಅವಳು ಆಡಿನ ಕಡೆ ನೋಡಿದಳು. "ನಿಮ್ಮೆದುರು ಆಣೆಯಿಟ್ಟು ನನ್ನ ಆಡು ತಿಂದಿಲ್ಲ ಅಂದೆ. ಮನೆಗೆ ಬಂದು ಅಮ್ಮಿಣಿಗೆ ಹೊಡೆದೆ. ನೀವು ಸುಳ್ಳು ಹೇಳುತ್ತೀರಿ ಅಂತ ನನಗೆ ಹೊಳೆಯಲೇ ಇಲ್ಲ."

ಲೂರ್ದಮ್ಮನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಹೊಡೆತದ ವಿಷಯ ಅವಳಿಗೆ ಗೊತ್ತಿರಲಿಲ್ಲ. "ನನ್ನನ್ನ ಬೈದುಬಿಡು ಫಾತಿಮಾ, ಎರಡೇಟು ಹೊಡಿ ಬೇಕಾದರೆ" ಎಂದಳು ಅಳುತ್ತ.

"ನನಗೆ ಯಾಕೆ ಹೇಳುತ್ತೀರಿ? ಅವಳಿಗೆ ಹೇಳಿ." ಫಾತಿಮಾ ತೆಂಗಿನ ಮರದತ್ತ ಕೈ ತೋರಿಸಿದಳು.

ತಮಾಷೆಯಲ್ಲ, ಅವಳ ಮುಖದಲ್ಲಿ ನಗುವಿನ ಎಳೆಯೂ ಇರಲಿಲ್ಲ. ಹೀಗಾಗಿ ಇಬ್ಬರು ಮರ್ಯಾದಸ್ಥ ಹೆಂಗಸರು, ಒಬ್ಬಳು ಬಿಳಿ ಸೀರೆಯವಳು, ಒಬ್ಬಳು ಮೈಸೂರು ಸಿಲ್ಕಿನವಳು, ಹೋಗಿ ಆಡಿನ ಮುಂದೆ ನಿಂತರು. "ತಪ್ಪಾಯ್ತು ಕಣವ್ವ ಅಮ್ಮಿಣಿ" ಎಂದಳು ಲೂರ್ದಮ್ಮ. ರಾಜಲಕ್ಷ್ಮಿ ಬಗ್ಗಿ ಮರುಗದ ಕುಂಡವನ್ನು ಅದರ ಮೂತಿಯ ಹತ್ತಿರ ಹಿಡಿದಳು. "ತಿನ್ನಮ್ಮ, ಇದಾದ್ರೂ ತಿನ್ನು."

ಅಮ್ಮಿಣಿ ಮೂಸಿತು. ಮೂಗು ಸುಕ್ಕುಗಟ್ಟಿಸಿ ಜೋರಾಗಿ ಸೀನಿತು. ಮುಖ ತಿರುಗಿಸಿಕೊಂಡು ಹೋಗಿ, ಬಿದ್ದಿದ್ದ ಒಣ ತೆಂಗಿನ ಗರಿಯನ್ನು ಮೆಲ್ಲತೊಡಗಿತು. ರಾಜಲಕ್ಷ್ಮಿ ಮತ್ತೆ ಹಿಡಿದಳು, ಅದು ಮತ್ತೆ ಸೀನಿತು.

"ಪಡಚ್ಚೋನೇ!" ಎಂದು ಸೃಷ್ಟಿಸಿದವನನ್ನು ಕೂಗಿದ ಫಾತಿಮಾ ಬಾಯಿಗೆ ಕೈಯಿಟ್ಟುಕೊಂಡಳು. "ಅವಳಿಗೆ ಇದರ ವಾಸನೆಯೇ ಆಗುವುದಿಲ್ಲ! ಅವತ್ತು ಒಂದು ಎಲೆ ಕೊಟ್ಟು ನೋಡಿದ್ದರೆ ಅವಳೇ ಸಾಕ್ಷಿ ಹೇಳುತ್ತಿದ್ದಳಲ್ಲ!" ನಗು ಮೊದಲು ಅವಳಿಗೇ ಬಂತು, ಅಳುವಿನ ಜೊತೆಯಲ್ಲೇ. ಆಮೇಲೆ ಒಳಗೆ ಹೋಗಿ ಚಾಯಕ್ಕೆ ನೀರಿಟ್ಟಳು.

ಪಿಳ್ಳೆ ಸಾರ್ ಮುಂದೆಯೂ ಲೂರ್ದಮ್ಮ ತಪ್ಪೊಪ್ಪಿಕೊಂಡಳು. ಅವರು ಕನ್ನಡಕ ತೆಗೆದು ಒರೆಸಿ, ಒಂದು ಸಣ್ಣ ಭಾಷಣ ಮಾಡಿ, ನಿಷೇಧವನ್ನು ತೆಗೆದುಹಾಕಿದರು. ಭಾನುವಾರ ಸಂಜೆ ಫಾತಿಮಾ ಗೇಟು ದಾಟಿ ಬಂದಳು, ಹಿಂದೆಯೇ ಅಮ್ಮಿಣಿ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಕೊಚ್ಚಿಗೆ ವಿಡಿಯೋ ಕಾಲ್ ಮಾಡಿ ರಾಜಲಕ್ಷ್ಮಿಯ ಜೊತೆ ಹರಟುತ್ತಿದ್ದರು. ಮಾತು ಮುಗಿಸಿ ನೋಡುವಾಗ ಪಿಳ್ಳೆ ಸಾರ್ ಮಗುವಿನಂತೆ ಸಾಕಿದ್ದ ದಾಸವಾಳದ ಗಿಡದಲ್ಲಿ ಕಾಂಡ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಅಮ್ಮಿಣಿಯ ಗಡ್ಡದಲ್ಲಿ ಒಂದು ಕೆಂಪು ಎಸಳು ಅಂಟಿಕೊಂಡಿತ್ತು. ಲೂರ್ದಮ್ಮ ಮೊದಲು ಆ ಎಸಳನ್ನು ಕಿತ್ತು ಸೆರಗಿಗೆ ಸೇರಿಸಿದಳು.

ಮುಂದಿನ ಮೊದಲ ಶನಿವಾರ ಅವಳು ಜಾಲರಿಯ ಮುಂದೆ ಮೊಣಕಾಲೂರಿದಳು. ಧಾರಾವಾಹಿ ಆಯಿತು, ಹಲ್ವ ಆಯಿತು. ಆಮೇಲೆ ತಡವರಿಸದೆ ಹೇಳಿದಳು.

"ಒಂದು ಸುಳ್ಳು ಹೇಳಿದೀನಿ ಸ್ವಾಮಿ. ಮನೆ ಓನರ್ ದಾಸವಾಳದ ಗಿಡಾನ ಚರ್ಚಿನ ಅಲಂಕಾರಕ್ಕೆ ಕತ್ತರಿಸ್ಕೊಂಡೆ ಅಂತ."

"ಯಾರ ಮೇಲೆ ಹೇಳಿದ್ರಿ?"

"ನನ್ನ ಮೇಲೇ ಸ್ವಾಮಿ."

ಆಚೆ ಮತ್ತೆ ಆ ಕೆಮ್ಮು ಕೇಳಿಸಿತು. ಈ ಸಲ ಅದು ಬೇಗ ನಿಲ್ಲಲಿಲ್ಲ. "ಮೂರು ನಮೋ ಮರಿಯ ಹೇಳಿ ಅಮ್ಮಾ. ಅವರಿಗೆ ನಿಜ ಹೇಳಿ, ಒಂದು ಒಳ್ಳೆ ದಾಸವಾಳದ ಗಿಡ ತಂದುಕೊಡಿ."

ಚರ್ಚಿನಿಂದ ಹೊರಗೆ ಬಂದು ಲೂರ್ದಮ್ಮ ಹತ್ತು ನಿಮಿಷದ ದಾರಿ ಹಿಡಿದಳು. ಸುತ್ತುದಾರಿಯಲ್ಲಾದರೆ ಮೂರು ಜಪವೂ ಮುಗಿದು ಇನ್ನೂ ಸಮಯ ಉಳಿಯುತ್ತಿತ್ತು. ಇಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ನಿಂತು ಮಾತಾಡಿದ್ದರಿಂದ, ಎರಡು ಮುಗಿಯುವಷ್ಟರಲ್ಲಿ ಫಾತಿಮಾಳ ಅಂಗಳ ಬಂದುಬಿಟ್ಟಿತು. "ಚೇಚೀ, ಚಾಯ ಆರಿಹೋಗುತ್ತಿದೆ" ಎಂದು ಅವಳು ಒಳಗಿನಿಂದಲೇ ಕೂಗಿದಳು. ಮೂರನೆಯ ನಮೋ ಮರಿಯವನ್ನು ಲೂರ್ದಮ್ಮ ಚಾಯ ಕುಡಿದ ಮೇಲೆ, ಅಮ್ಮಿಣಿಯ ಬೆನ್ನು ಸವರುತ್ತ ಹೇಳಿ ಮುಗಿಸಿದಳು.